ಎಚ್ಚರವಿರಬೇಕಾದವರು ದೊಡ್ಡವರು

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ ಮಾತು ಬಂದಾಗ ನಾವು ಮೊದಲು ಬುದ್ಧಿ ಹೇಳುವುದು ಮಗುವಿಗೇ. ಗೊತ್ತಿಲ್ಲದವರ ಜೊತೆ ಹೋಗಬೇಡ, ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಕೂಗು, ಬಂದು ಹೇಳು. ಈ ಪಾಠ ಬೇಕೇ ಬೇಕು. ಆದರೆ ನಮ್ಮ ಕೆಲಸ ಅಲ್ಲಿಗೇ ಮುಗಿದರೆ, ದೊಡ್ಡವರು ಹೊರಬೇಕಾದ ಹೊಣೆಯನ್ನು ಎಂಟು ವರ್ಷದ ಕೂಸಿನ ತಲೆಗೆ ಕಟ್ಟಿದಂತಾಗುತ್ತದೆ.

ಈ ಪಿಡುಗು ಕಣ್ಣಿಗೆ ಬಿದ್ದದ್ದು ಇತ್ತೀಚೆಗಲ್ಲ. ಪ್ಯಾರಿಸ್ಸಿನ ವೈದ್ಯ ಆಂಬ್ರುವಾಜ್ ತಾರ್ದಿಯು 1857ರಲ್ಲೇ ಇಂಥ ಪ್ರಕರಣಗಳನ್ನು ದಾಖಲಿಸಿದ್ದ. ಹಿಸ್ಟೀರಿಯಾ ಎಂಬ ಮನೋರೋಗದ ಬೇರು ಬಾಲ್ಯದಲ್ಲಿ ನಡೆದ ಲೈಂಗಿಕ ದೌರ್ಜನ್ಯದಲ್ಲಿದೆ ಎಂದು 1896ರಲ್ಲಿ ವಾದಿಸಿದ ಮನೋವಿಶ್ಲೇಷಕ ಫ್ರಾಯ್ಡ್, ಮರುವರ್ಷವೇ ಅದರಲ್ಲಿ ನಂಬಿಕೆ ಕಳೆದುಕೊಂಡ. ಮಗುವಿನ ಮಾತನ್ನು ಕಲ್ಪನೆಯೆಂದು ತಳ್ಳಿಹಾಕಲು ಅವನ ಈ ಹಿಂಜರಿತ ಬಹುಕಾಲ ಅನುಕೂಲವಾಯಿತು. 1970ರ ದಶಕದಲ್ಲಿ ಸ್ತ್ರೀವಾದಿಗಳು ಮತ್ತು ದೌರ್ಜನ್ಯಕ್ಕೆ ಒಳಗಾದವರು ಬಾಯಿಬಿಟ್ಟ ಮೇಲೆ ಗಾಳಿ ತಿರುಗಿತು. ಮಗು ತಡವಾಗಿ ಹೇಳುವುದು, ಹೇಳಿದ್ದನ್ನು ಹಿಂತೆಗೆದುಕೊಳ್ಳುವುದು ಸುಳ್ಳಿನ ಗುರುತಲ್ಲ, ಭಯ ಮತ್ತು ಅಸಹಾಯಕತೆಯ ಫಲವೂ ಆಗಿರಬಹುದು ಎಂದು ಅಮೆರಿಕದ ಮನೋವೈದ್ಯ ರೋಲಂಡ್ ಸಮಿಟ್ 1983ರಲ್ಲಿ ವಿವರಿಸಿದರು.

ನಮ್ಮ ದೇಶ ಕಣ್ಣು ತೆರೆಯುವಂತೆ ಮಾಡಿದ್ದು 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪ್ರಕಟಿಸಿದ ಅಧ್ಯಯನ. 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದರು. ಅವರಲ್ಲಿ ಗಂಡುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದರು. ಹೀಗಿದ್ದೂ ನಮ್ಮ ಭಯವೆಲ್ಲ ಬೀದಿಯ ಅಪರಿಚಿತನ ಮೇಲೇ ಇದೆ. ಆದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ವರ್ಷ ವರ್ಷ ದಾಖಲಾಗುವ ಪ್ರಕರಣಗಳ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ.

2012ರ ಪೋಕ್ಸೊ ಕಾಯ್ದೆ ಈ ಅರಿವಿನಿಂದ ಹುಟ್ಟಿದ್ದು. ಅದು ಹೆಣ್ಣು, ಗಂಡು ಎಂದು ಭೇದ ಮಾಡುವುದಿಲ್ಲ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ವಿಷಯ ತಿಳಿದೂ ದೂರು ಕೊಡದ ದೊಡ್ಡವರಿಗೆ ಶಿಕ್ಷೆಯಿದೆ. ಹೊಣೆ ಯಾರದೆಂದು ಕಾನೂನು ಇಲ್ಲಿ ಸ್ಪಷ್ಟವಾಗಿಯೇ ಹೇಳಿದೆ.

ಸಮಾಜಕ್ಕೆ ಮಾತ್ರ ಶಿಕ್ಷೆಯ ಕಡೆಗೇ ಒಲವು. 2019ರ ತಿದ್ದುಪಡಿ ಘೋರ ಪ್ರಕರಣಗಳಿಗೆ ಮರಣದಂಡನೆಯನ್ನೂ ಸೇರಿಸಿತು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಆರೋಪಿ ಚಿಕ್ಕಪ್ಪನೋ ಸೋದರಮಾವನೋ ಆಗಿದ್ದರೆ, ನೇಣಿನ ಹೆದರಿಕೆ ಅವನಿಗಿಂತ ಮೊದಲು ಮನೆಯವರ ಬಾಯನ್ನು ಕಟ್ಟಬಹುದು. ಶಿಕ್ಷೆ ಎಷ್ಟೇ ಕಠಿಣವಾಗಿರಲಿ, ದೂರೇ ಹೊರಬೀಳದಿದ್ದರೆ ಅದು ಕಾಗದದ ಮೇಲಿನ ಹುಲಿ. ಅಪರಾಧಿಯನ್ನು ಹೆದರಿಸುವುದು ಶಿಕ್ಷೆಯ ಗಾತ್ರವಲ್ಲ, ಸಿಕ್ಕಿಬೀಳುವ ಖಾತ್ರಿ.

ಆದ್ದರಿಂದ ತಡೆಯುವ ಕೆಲಸ ಸಪ್ಪೆಯಾದ ಸಂಗತಿಗಳಿಂದ ಶುರುವಾಗಬೇಕು. ಶಾಲೆ, ಹಾಸ್ಟೆಲು, ಮಠ, ಟ್ಯೂಷನ್, ಕ್ರೀಡಾ ತರಬೇತಿ, ಎಲ್ಲೇ ಆಗಲಿ ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಹಿನ್ನೆಲೆ ವಿಚಾರಿಸಬೇಕು. ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ದೊಡ್ಡವರ ಜೊತೆ ಮಗು ಉಳಿಯುವ ಸಂದರ್ಭವನ್ನೇ ಕಡಿಮೆ ಮಾಡಬೇಕು. ದೂರು ಬಂದಾಗ ಸಂಸ್ಥೆಯ ಮರ್ಯಾದೆಗಿಂತ ಮಗು ಮುಖ್ಯವಾಗಬೇಕು. ಮನೆಯಲ್ಲೂ ಅಷ್ಟೇ: ಮಗು ಒಲ್ಲೆ ಎಂದಾಗ ನೆಂಟರ ತೊಡೆಯ ಮೇಲೆ ಕೂರಿಸಿ ಮುತ್ತು ಕೊಡಿಸುವ ಒತ್ತಾಯ ನಿಲ್ಲಬೇಕು. ಅದರ ‘ಬೇಡ’ಕ್ಕೆ ನಮ್ಮ ಮನೆಯಲ್ಲೇ ಬೆಲೆಯಿಲ್ಲದಿದ್ದರೆ ಹೊರಗೆ ಅದನ್ನು ಹೇಳುವ ಧೈರ್ಯ ಎಲ್ಲಿಂದ ಬಂದೀತು?

ಮಗು ಹೇಳಿಕೊಂಡರೆ ಗದರಿಸಬೇಡಿ, ಅಡ್ಡಪ್ರಶ್ನೆ ಹಾಕಬೇಡಿ. ನಿನ್ನದೇನೂ ತಪ್ಪಿಲ್ಲ ಎನ್ನಿ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. ಆಮೇಲಿನ ಹೊಣೆ ದೊಡ್ಡವರಾದ ನಮ್ಮದು.