ಕಾರಿನ ಮೇಲಿನ ಹುಳು, ಚೀಲದೊಳಗಿನ ಹುಳು



ಕಳೆದ ಕಾರ್ತೀಕದಲ್ಲಿ ನಮ್ಮ ತೋಟದ ಮೇಸ್ತ್ರಿಯ ಮನೆಯ ಮದುವೆಗೆಂದು ಸಿಂಧನೂರಿನ ಕಡೆಯ ತುರ್ವಿಹಾಳಕ್ಕೆ ಹೋಗಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ರಸ್ತೆಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಭತ್ತ. ರಾತ್ರಿ ದೀಪ ಹಾಕಿಕೊಂಡು ಊರು ಸೇರುವಷ್ಟರಲ್ಲಿ ಕಾರಿನ ಮುಂಗಾಜು, ದೀಪ, ಬಾನೆಟ್ಟುಗಳ ಮೇಲೆಲ್ಲ ಎಳ್ಳು ಚೆಲ್ಲಿದಂತೆ ಸಣ್ಣ ಕಂದು ಹುಳುಗಳು ಮುತ್ತಿದ್ದವು.

ಇವು ನಮ್ಮ ತೋಟಕ್ಕೆ ಬಂದರೆ ಗತಿಯೇನೆಂದು ಗಾಬರಿಯಾಯಿತು. ಮನೆ ಮುಟ್ಟಿದೊಡನೆ ಕಾರಿಗೂ ಶೆಡ್ಡಿಗೂ ಔಷಧಿ ಹೊಡೆಸಬೇಕೆಂದುಕೊಂಡೆ. ಮೇಸ್ತ್ರಿಯ ತಂದೆ ನಕ್ಕುಬಿಟ್ಟರು. "ಇದು ನೆಲ್ಲಿನ ಜಿಗಿಹುಳ್ರೀ ಸಾವ್ಕಾರ್ರ. ನಿಮ್ಮ ಕಾಫಿ ಮುಟ್ಟಂಗಿಲ್ಲ. ನೆಲ್ಲು ಬಿಟ್ಟು ಇದಕ್ಕ ಬ್ಯಾರೆ ಊಟಿಲ್ಲ" ಎಂದರು.

ಅವರ ಮಾತು ಶಾಸ್ತ್ರಕ್ಕೂ ಒಪ್ಪುವಂಥದು. ಕಂದು ಜಿಗಿಹುಳು ಭತ್ತದ ಬುಡದಲ್ಲಿ ಕುಳಿತು ರಸ ಹೀರುತ್ತದೆ. ಗದ್ದೆ ಅಲ್ಲಲ್ಲಿ ಸುಟ್ಟಂತೆ ಒಣಗುತ್ತದೆ. ಯೂರಿಯಾ ಅತಿಯಾದಲ್ಲಿ, ಕಂಡಕಂಡ ಔಷಧಿ ಹೊಡೆದು ಜೇಡಗಳನ್ನು ಕೊಂದಲ್ಲಿ ಅದು ಮತ್ತೂ ಹೆಚ್ಚುತ್ತದೆ. ರಾತ್ರಿ ದೀಪಕ್ಕೆ ಹಾರಿ ಬರುತ್ತದೆ, ಅಷ್ಟೇ. ಕಾರಿಗೆ ಬೇಕಾದದ್ದು ವಿಷವಲ್ಲ, ಸಾಬೂನು ನೀರು. ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಹಾಸಿ, ನೆನೆದ ಮೇಲೆ ಒರೆಸಿದರೆ ಬಣ್ಣಕ್ಕೂ ಗಾಜಿಗೂ ಗೀರು ಬೀಳದು. ರೇಡಿಯೇಟರಿನ ಜಾಲರಿಯನ್ನೂ ತೊಳೆಯಬೇಕು.

ಹಾಗೆ ತೊಳೆಯುವಾಗಲೇ ಡಿಕ್ಕಿ ತೆರೆದೆ. ಹೊರಡುವ ಮುನ್ನ ನೆರೆಯ ತೋಟದಿಂದ ಎರವಲು ತಂದ ಗೋಣಿಚೀಲಗಳು ಅಲ್ಲೇ ಉಳಿದಿದ್ದವು. ಕೊಡವಿದಾಗ ನಾಲ್ಕಾರು ಒಣ ಚೆರಿ ಉದುರಿದವು. ಎರಡರ ಹೊಕ್ಕುಳಲ್ಲಿ ಸೂಜಿ ಚುಚ್ಚಿದಂಥ ತೂತು. ಒಡೆದು ನೋಡಿದರೆ ಒಳಗೆ ಎಳ್ಳಿಗಿಂತ ಸಣ್ಣ ಕರಿ ಹುಳು: ಕಾಯಿಕೊರಕ!

ನಮ್ಮ ದೇಶದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಈ ಪಿಡುಗು ತೋಟದಿಂದ ತೋಟಕ್ಕೆ ದಾಟುವ ದೊಡ್ಡ ದಾರಿ ನಮ್ಮ ಚೀಲಗಳೇ, ನಮ್ಮ ಗಾಡಿಗಳೇ. ಗಾಜಿನ ಮೇಲಿನ ನಿರಪರಾಧಿಯನ್ನು ಕೊಲ್ಲಲು ಹೊರಟ ನಾನು ನಿಜವಾದ ಕಳ್ಳನನ್ನು ಡಿಕ್ಕಿಯಲ್ಲಿಟ್ಟುಕೊಂಡು ಊರೂರು ಸುತ್ತಿಸಿದ್ದೆ. ಚೀಲ ಕೊಡವದೆ ತಂದದ್ದು ನನ್ನದೇ ತಪ್ಪು. ಕಾರ್ಯದರ್ಶಿಯೇ ಹೀಗೆ ಮಾಡಿದರೆ ಉಳಿದವರಿಗೆ ಹೇಳುವ ಬಾಯಿ ಎಲ್ಲಿಂದ ಬರಬೇಕು?

ಆದ್ದರಿಂದ ನನ್ನ ವಿನಂತಿ ಇಷ್ಟೇ. ಹುಳು ಕಂಡೊಡನೆ ಔಷಧಿ ಅಂಗಡಿಗೆ ಓಡಬೇಡಿ. ನಾಲ್ಕನ್ನು ಸಣ್ಣ ಸೀಸೆಯಲ್ಲಿ ಹಿಡಿದು, ಎಲ್ಲಿ, ಯಾವಾಗ ಸಿಕ್ಕಿತೆಂದು ಬರೆದು ಸಂಘದ ಕಚೇರಿಗೆ ತನ್ನಿ. ಒಂದು ಭೂತಗನ್ನಡಿ ಇಡುವ ವ್ಯವಸ್ಥೆ ಮಾಡೋಣ. ನಮಗೆ ತಿಳಿಯದ್ದನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ತೋರಿಸೋಣ. ಕುಯ್ಲಿಗೆ ಮುನ್ನ ಪ್ರತಿ ಚೀಲವನ್ನೂ ತಿರುವಿ ಕೊಡವಿರಿ. ತೂತಾದ ಕಾಯಿಯನ್ನು ಕುದಿಯುವ ನೀರಿಗೆ ಹಾಕಿ. ನೆಲಕ್ಕೆ ಬಿದ್ದ ಕಾಯಿ ಆರಿಸಿ. ಪಾರ್ಚ್‌ಮೆಂಟನ್ನು ಶೇಕಡಾ 10ರ, ರೊಬಸ್ಟಾ ಚೆರಿಯನ್ನು 11ರ ತೇವಾಂಶಕ್ಕೆ ಒಣಗಿಸಿಯೇ ಚೀಲ ತುಂಬಿ.

ಆಳುಗಳೇ ಸಿಗದ ಕಾಲದಲ್ಲಿ ಚೀಲ ಕೊಡವುವವರು ಯಾರೆಂದು ಕೆಲವರು ಕೇಳುತ್ತಾರೆ. ಚೀಲ ಎರವಲು ಕೊಡುವುದು ನಮ್ಮೊಳಗಿನ ಹಳೆಯ ಸೌಹಾರ್ದ, ಅದು ನಿಲ್ಲಬಾರದು. ಆದರೆ ಚೀಲದೊಡನೆ ಕೊರಕವನ್ನೂ ಕೊಡುವುದು ಸಹಕಾರವಲ್ಲ.

— ಕಾರ್ಯದರ್ಶಿ