ಕೋವಿಯ ಬೋರು, ಚಪಾತಿ ಹಿಟ್ಟಿನ ಉಂಡೆ

ಒಂಬತ್ತನೆಯ ತರಗತಿಯಲ್ಲಿ ಸಾಂದ್ರತೆಯ ಪಾಠ ಮುಗಿಸಿ, "ಏನಾದರೂ ಸಂಶಯವಿದೆಯೇ?" ಎಂದು ಕೇಳಿದೆ. ಈ ಪ್ರಶ್ನೆಗೆ ಸಾಮಾನ್ಯವಾಗಿ ಮೌನವೇ ಉತ್ತರ. ಆ ದಿನ ಮಾತ್ರ ಕೊಡಗಿನ ಕಡೆಯ ಹುಡುಗನೊಬ್ಬ ಎದ್ದು ನಿಂತ.

"ಸಾರ್, ನಮ್ಮಜ್ಜನ ಹತ್ತಿರ ಹಳೆಯ ಕೇಪಿನ ಕೋವಿ ಇದೆ. ಅದು ಹದಿನಾರರ ಬೋರು. ಮಾವನದು ಹನ್ನೆರಡರ ಬೋರು. ಹಾಗಾದರೆ ಅಜ್ಜನದೇ ದೊಡ್ಡ ಕೋವಿ ಅಲ್ವಾ ಸಾರ್? ಅದಕ್ಕೆ ಮದ್ದೂ ಜಾಸ್ತಿ ಹಾಕಬೇಕಲ್ವಾ?"

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಮೊದಲನೆಯ ಪ್ರಶ್ನೆ ಬರೀ ತಪ್ಪು ತಿಳಿವಳಿಕೆ. ಎರಡನೆಯದು ಜೀವಕ್ಕೆ ಅಪಾಯ ತರುವಂಥದು. 16ರ ಬೋರು 12ರ ಬೋರಿಗಿಂತ ಚಿಕ್ಕದು! ಸಂಖ್ಯೆ ದೊಡ್ಡದಾದಷ್ಟೂ ನಳಿಗೆಯ ರಂಧ್ರ ಕಿರಿದು.

ಇದೇನು ವಿಚಿತ್ರ ಎನ್ನುತ್ತೀರಾ? ಬೋರಿನ ಸಂಖ್ಯೆ ಅಳತೆಯಲ್ಲ, ಎಣಿಕೆ. ಒಂದು ಪೌಂಡು ಸೀಸವನ್ನು ಕರಗಿಸಿ, ನಳಿಗೆಯೊಳಗೆ ಸರಿಯಾಗಿ ಕೂರುವ ಗುಂಡುಗಳನ್ನು ಎರಕ ಹೊಯ್ದರೆ ಎಷ್ಟು ಗುಂಡುಗಳಾಗುತ್ತವೆಯೋ ಅದೇ ಆ ಕೋವಿಯ ಬೋರು. ಹನ್ನೆರಡು ಗುಂಡುಗಳಾದರೆ 12ರ ಬೋರು, ಹದಿನಾರಾದರೆ 16ರ ಬೋರು. ಅದೇ ಸೀಸದಲ್ಲಿ ಹೆಚ್ಚು ಗುಂಡುಗಳಾಗಬೇಕಾದರೆ ಪ್ರತಿಯೊಂದು ಗುಂಡೂ ಚಿಕ್ಕದಾಗಲೇಬೇಕು. ಅಮ್ಮ ಒಂದೇ ಮುದ್ದೆ ಹಿಟ್ಟಿನಲ್ಲಿ ಹನ್ನೆರಡು ಚಪಾತಿಯ ಬದಲು ಹದಿನಾರು ಮಾಡಲು ಹೊರಟರೆ ಉಂಡೆಗಳು ಸಣ್ಣದಾಗುವುದಿಲ್ಲವೇ? ಹಾಗೆಯೇ ಇದು.

ಈಗ ಲೆಕ್ಕಕ್ಕೆ ಬರೋಣ. ಒಂದು ಪೌಂಡು ಎಂದರೆ 453.6 ಗ್ರಾಂ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ಭಾಗಿಸಿದರೆ ಒಂದು ಪೌಂಡು ಸೀಸದ ಗಾತ್ರ 40 ಘನ ಸೆಂ.ಮೀ. ಅದನ್ನು ಹನ್ನೆರಡು ಪಾಲು ಮಾಡಿ, ಗೋಳದ ಗಾತ್ರದ ಸೂತ್ರ ಹಚ್ಚಿದರೆ ಗುಂಡಿನ ವ್ಯಾಸ 18.5 ಮಿ.ಮೀ. ಬರುತ್ತದೆ. ಇಂಗ್ಲೆಂಡಿನಲ್ಲಿ 1868ರ ಕಾಯಿದೆಯೊಂದು ನಳಿಗೆಗಳ ಪರೀಕ್ಷೆಗಾಗಿ ಬೋರುಗಳ ಅಳತೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ 12ರ ಬೋರಿಗೆ ಕೊಟ್ಟ ಅಳತೆ 0.729 ಇಂಚು, ಅಂದರೆ ಅದೇ 18.5 ಮಿ.ಮೀ. ಹೀಗೆಯೇ 16ರ ಬೋರು 16.8 ಮಿ.ಮೀ., 20ರದು 15.6 ಮಿ.ಮೀ. ಇದಕ್ಕೊಂದು ಅಪವಾದವೂ ಉಂಟು. "410" ಎಂಬ ಸಣ್ಣ ಕೋವಿಯ ಸಂಖ್ಯೆ ಗುಂಡುಗಳ ಎಣಿಕೆಯಲ್ಲ, ಅದು 0.410 ಇಂಚಿನ ವ್ಯಾಸ. ಗುಂಡುಗಳ ಲೆಕ್ಕದಲ್ಲಿ ಅದು 67ರ ಬೋರಿನ ಆಸುಪಾಸಿಗೆ ಬರುತ್ತದೆ.

ಹಾಗಾದರೆ ಕೋವಿಗೆ ಯಾವ ಬೋರು ಒಳ್ಳೆಯದು? ಕೇಪಿನ ಕೋವಿಗೆ ಮದ್ದು ತುಂಬುವುದು ನಳಿಗೆಯ ಬಾಯಿಂದ. ಮೊದಲು ಕರಿಮದ್ದು, ಅದರ ಮೇಲೆ ಬಿಗಿಯಾಗಿ ಕೂರುವ ನಾರು ಅಥವಾ ರಟ್ಟಿನ ಬಿಲ್ಲೆ, ಆಮೇಲೆ ಚರೆ, ಚರೆ ಉದುರದಂತೆ ಇನ್ನೊಂದು ಬಿಲ್ಲೆ. ಹಿಂಬದಿಯಲ್ಲಿಟ್ಟ ಕೇಪು ಪೆಟ್ಟು ತಿಂದು ಕಿಡಿ ಹಾರಿಸುತ್ತದೆ. ಈ ತಂತ್ರದ ಮೂಲ, ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪಡೆದ ಪೇಟೆಂಟು. ತೋಟಾದ ಹಂಗಿಲ್ಲದ್ದರಿಂದ ಆಗಿನ ಕುಶಲಕರ್ಮಿಗಳು 13, 14, 15 ಹೀಗೆ ತಮಗೆ ಬೇಕಾದ ಬೋರು ಕೊರೆಯುತ್ತಿದ್ದರು. ತೋಟಾ ಬಂದ ಮೇಲೆ 12, 16, 20ರಂಥ ಕೆಲವೇ ಅಳತೆಗಳು ಬಳಕೆಯಲ್ಲಿ ಉಳಿದವು.

ಬೋರು ಆರಿಸುವವರು ಮೊದಲು ಕೇಳಬೇಕಾದದ್ದು "ಎಷ್ಟು ಚರೆ ಬೇಕು?" ಎಂದು. ಒಂದೇ ತೂಕದ ಚರೆಯನ್ನು 12ಕ್ಕೂ 20ಕ್ಕೂ ಹಾಕಿ ನೋಡಿ. ಅಗಲ ಕಡಿಮೆಯಾದ ಕಾರಣ 20ರಲ್ಲಿ ಚರೆಯ ಕಂಬ ಸುಮಾರು 1.4 ಪಟ್ಟು ಎತ್ತರ. ಈಡು ಹಾರಿದಾಗ ಮೇಲಿನ ಚರೆಯ ಭಾರವೆಲ್ಲ ಕೆಳಗಿನ ಚರೆಯ ಮೇಲೆ ಬಿದ್ದು, ಮೆದು ಸೀಸ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಚರೆ ಗಾಳಿಯಲ್ಲಿ ನೆಟ್ಟಗೆ ಹೋಗದು. ಆದ್ದರಿಂದ ಚರೆ ಹೆಚ್ಚು ಬೇಕಾದವರಿಗೆ ಅಗಲವಾದ ಬೋರೇ ಸರಿ.

ಹಾಗೆಂದು ಅಗಲ ಹೆಚ್ಚಿಸುತ್ತಾ ಹೋಗುವಂತೆಯೂ ಇಲ್ಲ. ಒಳಗಿನ ಒತ್ತಡ ಅಷ್ಟೇ ಇದ್ದರೂ ನಳಿಗೆ ಅಗಲವಾದಷ್ಟೂ ಅದರ ಗೋಡೆಯ ಮೇಲಿನ ಎಳೆತ ಹೆಚ್ಚು. ಗೋಡೆ ದಪ್ಪ ಮಾಡಬೇಕು, ಕೋವಿ ಭಾರವಾಗುತ್ತದೆ. ಭಾರ ಬೇಡವೆಂದು ಹಗುರ ಮಾಡಿದರೆ ನ್ಯೂಟನ್ನನ ಮೂರನೆಯ ನಿಯಮ ಭುಜಕ್ಕೆ ಗುದ್ದುತ್ತದೆ. ಇಂಗ್ಲೆಂಡಿನ ಕೋವಿ ತಯಾರಕರಲ್ಲಿ ಒಂದು ಹಳೆಯ ಲೆಕ್ಕವಿತ್ತು: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. ಒಂದು ಔನ್ಸು, ಅಂದರೆ 28 ಗ್ರಾಂ ಚರೆಗೆ 2.7 ಕಿಲೋ ಕೋವಿ. ಚರೆ ಕಾಲುಭಾಗ ಹೆಚ್ಚಿದರೆ ಕೋವಿ 3.4 ಕಿಲೋ. ಬೆಟ್ಟ ಹತ್ತಿ ಇಳಿಯುವವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಕಡಿಮೆ ಚರೆ ಸಾಕೆನ್ನುವವರಿಗೆ 16 ಅಥವಾ 20ರ ಬೋರು ಹಗುರವೂ ಹೌದು, ಅನುಕೂಲವೂ ಹೌದು. ಬಹುಶಃ ಅಜ್ಜನ ಆಯ್ಕೆಯ ಹಿಂದೆ ಇದ್ದದ್ದೂ ಇದೇ ಜಾಣತನ.

ಈಗ ಪೋಷಕರಿಗೆ ಒಂದು ಮಾತು. ಮಲೆನಾಡು, ಕೊಡಗಿನ ಎಷ್ಟೋ ಮನೆಗಳಲ್ಲಿ ಕೋವಿಯಿದೆ. ಕೊಡವರಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಅದಕ್ಕೆ ಪೂಜೆಯೂ ಸಲ್ಲುತ್ತದೆ. ಮಕ್ಕಳು ಅದನ್ನು ನೋಡುತ್ತಲೇ ಬೆಳೆಯುತ್ತಾರೆ; ಅದರ ಮೇಲಿನ ಸಂಖ್ಯೆಯ ಅರ್ಥವನ್ನು ಮಾತ್ರ ಯಾರೂ ಹೇಳುವುದಿಲ್ಲ. 20ರ ತೋಟಾವನ್ನು 12ರ ಕೋವಿಗೆ ಹಾಕಿದರೆ ಅದು ಒಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಖಾಲಿಯಿದೆಯೆಂದು ಹಿಂದಿನಿಂದ 12ರ ತೋಟಾ ಹಾಕಿ ಹಾರಿಸಿದರೆ ನಳಿಗೆಯೇ ಸಿಡಿಯಬಹುದು. 20ರ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಗೊಂದಲ ತಪ್ಪಿಸಲೆಂದೇ. ಕೇಪಿನ ಕೋವಿಯಲ್ಲಿ ಬೇರೆ ಬಗೆಯ ಅಪಾಯ. ತುಂಬಿದ್ದು ಮರೆತು ಮತ್ತೆ ತುಂಬುವುದು, ಕರಿಮದ್ದಿನ ಬದಲು ತೋಟಾದೊಳಗಿನ ಹೊಗೆಯಿಲ್ಲದ ಮದ್ದು ಹಾಕುವುದು, "ದೊಡ್ಡ ನಂಬರು" ಎಂದು ಮದ್ದು ಹೆಚ್ಚಿಸುವುದು. ಹಳೆಯ ಕೋವಿಯ ನಳಿಗೆಯನ್ನು ತಿಳಿದ ಕುಶಲಕರ್ಮಿಗೆ ತೋರಿಸದೆ ಬಳಸಬೇಡಿ. ಅದನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿ. ಸಂಖ್ಯೆಯ ಅರ್ಥವನ್ನು ಮಾತ್ರ ಮುಚ್ಚಿಡಬೇಡಿ, ಹೇಳಿಕೊಡಿ.

ವಿದ್ಯಾರ್ಥಿಗಳೇ, ನಿಮಗೊಂದು ಪ್ರಯೋಗ. ಚಪಾತಿ ಹಿಟ್ಟಿನ ದೊಡ್ಡ ಉಂಡೆ ಮಾಡಿ, ಎರಡು ಪುಸ್ತಕಗಳ ನಡುವೆ ಇಟ್ಟು ಸ್ಕೇಲಿನಿಂದ ವ್ಯಾಸ ಅಳೆಯಿರಿ. ಅದನ್ನು ಎಂಟು ಸಮಪಾಲು ಮಾಡಿ ಉಂಡೆ ಕಟ್ಟಿ, ಒಂದರ ವ್ಯಾಸ ಅಳೆಯಿರಿ. ಎಂಟನೆಯ ಒಂದು ಭಾಗ ಬಂತೇ? ಇಲ್ಲ, ಸರಿಸುಮಾರು ಅರ್ಧ ಬರುತ್ತದೆ. ಏಕೆಂದು ಯೋಚಿಸಿ. ತಿಳಿದರೆ ಈ ಪ್ರಶ್ನೆಗೂ ಉತ್ತರ ಸಿಗುತ್ತದೆ: 4ರ ಬೋರಿನ ಕೋವಿಯ ಅರ್ಧದಷ್ಟು ವ್ಯಾಸವುಳ್ಳ ಕೋವಿ ಎಷ್ಟರ ಬೋರಿನದು?

ಉತ್ತರ ಮುಂದಿನ ವಾರ. ನಮ್ಮ ತರಗತಿಯ ಆ ಹುಡುಗ ಮಾತ್ರ ಮರುದಿನವೇ ಲೆಕ್ಕ ಮಾಡಿ ತಂದಿದ್ದ. ಜೊತೆಗೆ ಮೆಲ್ಲಗೆ ಹೇಳಿದ: "ಸಾರ್, ನಿನ್ನೆ ರಾತ್ರಿ ಅಜ್ಜನಿಗೆ ಫೋನ್ ಮಾಡಿದ್ದೆ. ಅವರಿಗೆ ಇದೆಲ್ಲ ಗೊತ್ತಿತ್ತು. ನಾನೇ ಯಾವತ್ತೂ ಕೇಳಿರಲಿಲ್ಲ."