ತಟ್ಟೆಯ ತೂಕ, ನೀರಿನ ತೂಕ

ಕೋಲೂ ಚೆಂಡೂ ಇಲ್ಲದ ಗಾಲ್ಫ್ ಒಂದುಂಟು. ಅಮೆರಿಕದ ಡಿಸ್ಕ್ ಗಾಲ್ಫ್‌ನಲ್ಲಿ ಪ್ಲಾಸ್ಟಿಕ್ ತಟ್ಟೆಯನ್ನು ಬೀಸಿ ಎಸೆದು, ಸರಪಳಿಗಳು ತೂಗುವ ಲೋಹದ ಬುಟ್ಟಿಯೊಳಗೆ ಬೀಳಿಸಬೇಕು. ಇದರ ಮೊದಲ ಶಾಶ್ವತ ಅಂಗಳವನ್ನು ಎಡ್ ಹೆಡ್ರಿಕ್ ಎಂಬವರು 1975ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ ರೂಪಿಸಿದರು. ಬೇಸಗೆಯಲ್ಲಿ ಅಲ್ಲಿಯ ಬಿಸಿಲು ನಿರ್ದಯವಾದುದು.

18 ಬುಟ್ಟಿಗಳನ್ನು ಮುಗಿಸಲು ಎರಡು ಮೂರು ಗಂಟೆ ಹಿಡಿಯುತ್ತದೆ. ಅಂಥ ಬಿಸಿಲಿನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹರಿದುಹೋಗುವುದು ಸಾಮಾನ್ಯ. ಆದರೂ ಆಟಗಾರ ಮಹಾಶಯನ ಬೆನ್ನುಚೀಲವನ್ನು ಬಿಚ್ಚಿ ನೋಡಿ: ತಟ್ಟೆಗಳು 20; ನೀರು ಅರ್ಧ ಲೀಟರಿನ ಒಂದೇ ಸೀಸೆ! ಕೇಳಿದರೆ, ನೀರು ಭಾರವೆನ್ನುತ್ತಾನೆ.

ತಟ್ಟೆಯೊಂದರ ತೂಕ ಸುಮಾರು 175 ಗ್ರಾಂ. ಆರು ತಟ್ಟೆಗಳೆಂದರೆ ಒಂದು ಲೀಟರ್ ನೀರು. ಅವನು ಬಹುಮಟ್ಟಿಗೆ ಎಸೆಯುವುದು ಏಳೆಂಟನ್ನೇ. ಉಳಿದವು ‘ಇರಲಿ’ ಎಂದು ಹೊತ್ತವು. (ಪ್ರಯಾಣದ ಪೆಟ್ಟಿಗೆ ತುಂಬುವಾಗ ನಾವೂ ಹಾಗೆಯೇ ಅಲ್ಲವೆ?) ಹನ್ನೆರಡನ್ನು ಮನೆಯಲ್ಲಿ ಬಿಟ್ಟರೆ ಎರಡು ಲೀಟರ್ ನೀರು ಹೆಚ್ಚಿನ ಭಾರವಿಲ್ಲದೆ ಬಂದೀತು. ಅದನ್ನು ಬೆನ್ನಿಗೆ ಒತ್ತಿದಂತೆ ಇಡಬೇಕು. ಹೊರಜೇಬಿನಲ್ಲಿಟ್ಟರೆ ಚೀಲ ಹಿಂದಕ್ಕೆ ಜಗ್ಗುತ್ತದೆ. ತಲೆ ಸುತ್ತಿದರೆ, ವಾಕರಿಕೆ ಬಂದರೆ, ಆಟವನ್ನು ಅಲ್ಲಿಗೇ ನಿಲ್ಲಿಸಿ ನೆರಳು ಸೇರಬೇಕು.

ಆ ನಾಡಿನಲ್ಲಿ ಮಗನೋ ಮೊಮ್ಮಗಳೋ ಇರುವ ವಾಚಕರು ಮುಂದಿನ ಸಲ ಮಾತನಾಡುವಾಗ ವಿಚಾರಿಸಬಹುದು: ಚೀಲದಲ್ಲಿ ತಟ್ಟೆ ಎಷ್ಟು, ನೀರು ಎಷ್ಟು?